ನೆನೆಯುವ ನಗರ

ಮೊದಲು ಕಾಣುವುದು ಬೆಂಕಿ. ಕಣ್ಣು ಹಾಯುವಷ್ಟು ದೂರ ಕಡುಗಪ್ಪು ಬಯಲು, ಅದರ ಮೈತುಂಬ ಲೆಕ್ಕವಿಲ್ಲದಷ್ಟು ದೀಪಗಳು, ನಡುನಡುವೆ ಎದ್ದುನಿಂತ ಚಿಮಣಿಗಳು. ಚಿಮಣಿಗಳ ಬಾಯಿಂದ ಭುಗಿಲ್ಲೆಂದು ಆಕಾಶಕ್ಕೆ ಚಿಮ್ಮುವ ಕಿತ್ತಳೆ ಜ್ವಾಲೆ. ಮೋಡವೋ ಹೊಗೆಯೋ ತಿಳಿಯದ ಕೊಳಕು ಹೊದಿಕೆಯೊಂದು ಮೇಲೆ ಮುಚ್ಚಿಕೊಂಡಿದೆ. ಮಿಂಚು ಹೊಡೆಯುತ್ತದೆ. ಹಾರುವ ಕಾರೊಂದು ನಮ್ಮತ್ತಲೇ ನುಗ್ಗಿಬಂದು ಪಕ್ಕದಲ್ಲಿ ಸರಿದುಹೋಗುತ್ತದೆ. ಇದ್ದಕ್ಕಿದ್ದಂತೆ ತೆರೆಯ ತುಂಬ ಒಂದೇ ಒಂದು ಕಣ್ಣು. ನೀಲಿ ಪಾಪೆಯೊಳಗೆ ಆ ಬೆಂಕಿಯುಗುಳುವ ಊರು ಪೂರ್ತಿಯಾಗಿ ಮಿನುಗುತ್ತಿದೆ. ಯಾರ ಕಣ್ಣು ಅದು? ಸಿನಿಮಾ ಹೇಳುವುದಿಲ್ಲ. ಊರಿನ ಹೆಸರು ಮತ್ತು ಕಾಲವನ್ನಷ್ಟೇ ಹೇಳುತ್ತದೆ: ಲಾಸ್ ಏಂಜಲೀಸ್, ನವೆಂಬರ್ 2019.

ರಿಡ್ಲಿ ಸ್ಕಾಟ್ ನಿರ್ದೇಶನದ ‘ಬ್ಲೇಡ್ ರನ್ನರ್’ ಶುರುವಾಗುವುದು ಹೀಗೆ. 1982ರ ಜೂನ್ 25ರಂದು ಅಮೆರಿಕದ ಚಿತ್ರಮಂದಿರಗಳಿಗೆ ಬಂದ ಈ ಸಿನಿಮಾ ಕಂಡ ಭವಿಷ್ಯ ನಮಗೀಗ ಕಳೆದುಹೋದ ಕಾಲ. 2019 ಬಂತು, ಹೋಯಿತು. ಕಾರುಗಳು ಹಾರಲಿಲ್ಲ, ಬೇರೆ ಗ್ರಹಗಳಿಗೆ ಯಾರೂ ಗುಳೆ ಹೋಗಲಿಲ್ಲ. ಸಿನಿಮಾದ ನಾಯಕ ಬೀದಿಯಲ್ಲಿ ಅಚ್ಚಿನ ಪತ್ರಿಕೆ ಓದುತ್ತಾನೆ. ಬಾರಿನ ಗೋಡೆಗಂಟಿದ ಯಂತ್ರದಿಂದ ವಿಡಿಯೊ ಕರೆ ಮಾಡುತ್ತಾನೆ, ಮಾತು ಮುಗಿದ ಮೇಲೆ 1.25 ಡಾಲರ್ ಆಯಿತೆಂದು ಆ ಯಂತ್ರ ಬರೆದು ತೋರಿಸುತ್ತದೆ. ಜೇಬಿನೊಳಗಿನ ಫೋನನ್ನು ಆ ಕಲ್ಪನೆ ಮುಟ್ಟಿರಲೇ ಇಲ್ಲ. ಇಷ್ಟೆಲ್ಲ ತಪ್ಪಿದರೂ ಇಂದು ಮತ್ತೆ ನೋಡಲು ಕೂತರೆ ಸಿನಿಮಾ ಹಳತಾಗಿದೆ ಅನ್ನಿಸುವುದಿಲ್ಲ. ಮೊದಲ ಸಲ ನೋಡುವಾಗ ನಾವು ಬೇಟೆಗಾರನ ಬೆನ್ನಿಗೆ ನಡೆಯುತ್ತೇವೆ. ಮತ್ತೆ ನೋಡುವಾಗ ನಮ್ಮ ಕಾಲು ತಾನಾಗಿಯೇ ತಪ್ಪಿಸಿಕೊಂಡು ಓಡುತ್ತಿರುವವರ ಕಡೆಗೆ ತಿರುಗುತ್ತದೆ. ನನ್ನ ಮಟ್ಟಿಗೆ ಈ ಸಿನಿಮಾದ ಬಾಳಿಕೆಯ ಗುಟ್ಟು ಇರುವುದು ಅಲ್ಲಿ.

ಕಥೆ ಸಣ್ಣದು. ಟೈರೆಲ್ ಎಂಬ ಕಂಪನಿ ಮನುಷ್ಯರನ್ನೇ ಹೋಲುವ ‘ರೆಪ್ಲಿಕಂಟ್’ಗಳನ್ನು ತಯಾರಿಸಿ ಹೊರಗ್ರಹಗಳಲ್ಲಿ ಗುಲಾಮರಂತೆ ದುಡಿಸುತ್ತದೆ. ಯುದ್ಧಕ್ಕೆ ಕೆಲವರು, ಭಾರ ಹೊರಲು ಕೆಲವರು, ಸೈನಿಕರ ಸುಖಕ್ಕೆ ಕೆಲವರು. ಕಾಲ ಕಳೆದಂತೆ ಅವರಲ್ಲಿ ಸ್ವಂತ ಭಾವನೆಗಳು ಚಿಗುರಬಹುದೆಂಬ ಭಯಕ್ಕೆ ಅವರ ಆಯುಸ್ಸನ್ನು ನಾಲ್ಕೇ ವರ್ಷಕ್ಕೆ ನಿಲ್ಲಿಸಿಟ್ಟಿದ್ದಾರೆ. ಭೂಮಿಗೆ ಕಾಲಿಟ್ಟರೆ ಅವರಿಗೆ ಸಾವು. ಕೊಲ್ಲುವ ಕೆಲಸದ ಪೊಲೀಸರೇ ಬ್ಲೇಡ್ ರನ್ನರ್‌ಗಳು. ಹಾಗೆ ದಂಗೆಯೆದ್ದು ಬಂದವರಲ್ಲಿ ನಾಲ್ವರು ಲಾಸ್ ಏಂಜಲೀಸಿನಲ್ಲಿ ಅಡಗಿದ್ದಾರೆ: ರಾಯ್, ಪ್ರಿಸ್, ಜೋರಾ, ಲಿಯಾನ್. ಕೆಲಸ ಬಿಟ್ಟು ಕೂತಿದ್ದ ಡೆಕರ್ಡ್ ಎಂಬವನನ್ನು ಮತ್ತೆ ಎಳೆತಂದು ಅವರ ಬೆನ್ನು ಹತ್ತಿಸುತ್ತಾರೆ. ಪತ್ತೇದಾರ, ಮಳೆ, ರಾತ್ರಿ, ಸಿಗರೇಟಿನ ಹೊಗೆ, ನಂಬಲಾಗದ ಹೆಣ್ಣು, ಕೊಳೆತ ಅಧಿಕಾರ. 1940ರ ದಶಕದ ಹಾಲಿವುಡ್ಡಿನ ನ್ವಾರ್ ಚಿತ್ರಗಳ ಸಾಮಗ್ರಿಯೆಲ್ಲ ಇಲ್ಲಿದೆ. ಆ ಕಪ್ಪುಬಿಳುಪು ಕಥೆಗಳಲ್ಲಿ ಎಷ್ಟೋ ನಡೆದದ್ದು ಇದೇ ಊರಿನಲ್ಲಿ. ನಿಜದ ಲಾಸ್ ಏಂಜಲೀಸ್ ಬಿಸಿಲಿನ ನಾಡು, ಅಲ್ಲಿ ಮಳೆ ಅಪರೂಪ. ಸ್ಕಾಟ್ ಅದನ್ನು ಬಿಡದೆ ಸುರಿವ ಮಳೆಗೆ ಒಡ್ಡಿ ನಿಲ್ಲಿಸಿದ.

ಬೀದಿಗಿಳಿಯೋಣ. ನಿಯಾನ್ ದೀಪಗಳ ಕೆಂಪು, ನೀಲಿ, ಹಸಿರು ನೀರು ನಿಂತ ರಸ್ತೆಯ ಮೇಲೆ ಕಲಸಿಹೋಗಿವೆ. ಜನ ಹಿಡಿದ ಛತ್ರಿಗಳ ಕಾವಿನಲ್ಲೇ ದೀಪ ಉರಿಯುತ್ತಿದೆ. ನೆಲದ ಸಂದುಗಳಿಂದ ಹಬೆ ಏಳುತ್ತದೆ. ತಲೆಯ ಮೇಲೆ ದೊಡ್ಡದೊಂದು ಜಾಹೀರಾತು ನೌಕೆ ನಿಧಾನ ತೇಲುತ್ತ, ಭೂಮಿ ಬಿಟ್ಟು ಬನ್ನಿ, ಹೊರಗ್ರಹದಲ್ಲಿ ಹೊಸ ಬದುಕು ಕಾದಿದೆ ಎಂದು ಸಾರುತ್ತಿದೆ. ಕೈಲಾದವರು ಹೋಗಿಯಾಗಿದೆ ಎಂಬುದು ಉಳಿದವರ ಮುಖ ನೋಡಿದರೆ ಗೊತ್ತಾಗುತ್ತದೆ. ಕಟ್ಟಡವೊಂದರ ಇಡೀ ಗೋಡೆಯೇ ಪರದೆ. ಅದರಲ್ಲಿ ಜಪಾನಿ ಹೆಂಗಸೊಬ್ಬಳು ಮುಗುಳ್ನಗುತ್ತ ಬಾಯಿಗೆ ಗುಳಿಗೆ ಹಾಕಿಕೊಳ್ಳುತ್ತಾಳೆ. ನೂಡಲ್ಸ್ ಅಂಗಡಿಯ ಮುಂದೆ ಡೆಕರ್ಡ್ ಸರದಿಗಾಗಿ ಕಾಯುತ್ತಾನೆ. ನಾಲ್ಕು ಬೇಕೆಂದು ಬೆರಳು ತೋರಿಸಿದರೆ ಎರಡು ಸಾಕೆಂದು ಅಂಗಡಿಯವನು ಅಡ್ಡಮಾತಾಡುತ್ತಾನೆ. ಹಿಂದಿನಿಂದ ಬಂದ ಗ್ಯಾಫ್ ಎಂಬ ಪೊಲೀಸ್ ಅಧಿಕಾರಿ ಏನೋ ಹೇಳುತ್ತಾನೆ. ಅದು ಇಂಗ್ಲಿಷಲ್ಲ. ಹಂಗೇರಿಯನ್, ಜಪಾನಿ, ಜರ್ಮನ್ ಹೀಗೆ ಹಲವು ನುಡಿಗಳ ಚೂರು ಕೂಡಿಸಿದ ಬೀದಿಮಾತು. ಆ ಪಾತ್ರ ಮಾಡಿದ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ತಾನೇ ಕೂತು ಕಟ್ಟಿಕೊಂಡ ಭಾಷೆ ಅದು.

ಈ ಬೀದಿ ನಿಂತಿದ್ದದ್ದು ಬರ್ಬ್ಯಾಂಕಿನ ವಾರ್ನರ್ ಬ್ರದರ್ಸ್ ಸ್ಟುಡಿಯೊದ ಹಿತ್ತಲಿನಲ್ಲಿ. ಹಳೆಯ ಸಿನಿಮಾಗಳಿಗೆಂದು ಕಟ್ಟಿದ್ದ ನ್ಯೂಯಾರ್ಕ್ ಬೀದಿಯ ಸೆಟ್ಟಿನ ಗೋಡೆಗಳ ಮೇಲೆ ಕೊಳವೆ, ತಂತಿ, ಗಾಳಿಯಂತ್ರ, ಫಲಕಗಳನ್ನು ಹೊರಿಸಿ ಹೊಸ ಊರು ಮಾಡಿದರು. 1981ರ ಮಾರ್ಚಿನಿಂದ ಜುಲೈವರೆಗೆ ಚಿತ್ರೀಕರಣ ನಡೆಯಿತು. ಬೀದಿಯ ದೃಶ್ಯಗಳೆಲ್ಲ ರಾತ್ರಿಯಲ್ಲಿ. ಹಗಲಾಗಿದ್ದರೆ, ಮಳೆ ಇಲ್ಲದಿದ್ದರೆ, ಹೊಗೆ ತೆಳುವಾಗಿದ್ದರೆ ಸೆಟ್ಟಿನ ಅಂಚು ಕಂಡುಬಿಡುತ್ತಿತ್ತು. ಸೆಟ್ಟನ್ನು ಮರೆಮಾಚಲು ತಂದ ಕತ್ತಲೆ, ನೀರು, ಹೊಗೆಗಳೇ ಸಿನಿಮಾದ ಉಸಿರಾದವು. ವಿನ್ಯಾಸದ ಹಿಂದೆ ಸಿಡ್ ಮೀಡ್ ಇದ್ದ. ಕಾರು ಕಂಪನಿಗಳಿಗೆ ನಾಳೆಯ ವಾಹನಗಳನ್ನು ಬರೆದುಕೊಟ್ಟು ಪಳಗಿದ ಕೈ ಅವನದು. ಹಾರುವ ಕಾರುಗಳಿಗೆಂದು ಕರೆದರೆ ಅವು ಇಳಿಯುವ ಬೀದಿಯನ್ನೂ ಬರೆದುಕೊಟ್ಟ. ಹಳತನ್ನು ಕೆಡವದೆ ಅದರ ಮೇಲೆಯೇ ಹೊಸತನ್ನು ಹೇರುತ್ತ ಹೋದ ಊರು ಇದು. ಭವಿಷ್ಯವೆಂದರೆ ಬಿಳಿ ಗೋಡೆ, ಹೊಳೆವ ಉಕ್ಕು ಎಂದು ನಂಬಿದ್ದ ವೈಜ್ಞಾನಿಕ ಸಿನಿಮಾಗಳ ನಡುವೆ ಇಲ್ಲಿ ಭವಿಷ್ಯಕ್ಕೆ ತುಕ್ಕು ಹಿಡಿದದ್ದು ಕಣ್ಣಿಗೆ ಒತ್ತುವಂತೆ ಕಂಡಿತು.

ಆರಂಭದ ಬೆಂಕಿಯ ಬಯಲಿನ ಬಗ್ಗೆಯೂ ಹೇಳಬೇಕು. ಕಂಪ್ಯೂಟರ್ ಚಿತ್ರಗಳ ಕಾಲವಲ್ಲ ಅದು. ‘2001: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಕೆಲಸ ಮಾಡಿದ್ದ ಡಗ್ಲಸ್ ಟ್ರಂಬುಲ್ ಮತ್ತವನ ತಂಡ ಹಿತ್ತಾಳೆಯ ತಗಡುಗಳನ್ನು ಆಮ್ಲದಲ್ಲಿ ಕೊರೆದು ಸಾಲುಸಾಲಾಗಿ ನಿಲ್ಲಿಸಿ, ಕೆಳಗಿನಿಂದ ಬೆಳಕು ಬಿಟ್ಟು, ಕೋಣೆಯ ತುಂಬ ಹೊಗೆ ತುಂಬಿ ಆ ದಿಗಂತವನ್ನು ಮಾಡಿತು. ಚಿಮಣಿಯ ಜ್ವಾಲೆಗಳನ್ನು ಬೇರೆಯಾಗಿ ಸೆರೆಹಿಡಿದು ಅದರ ಮೇಲೆ ಕೂಡಿಸಿದರು. ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಬಿಂಬ ಬೀಳಿಸುವಾಗ ಚಿತ್ರ ಕಾಳುಕಾಳಾಗದಿರಲೆಂದು ಇಂಥ ದೃಶ್ಯಗಳಿಗೆ ಅಗಲವಾದ 65 ಎಂಎಂ ಫಿಲ್ಮ್ ಬಳಸಿದರು. ಕೈಯಿಂದ ಮಾಡಿದ ಆ ಊರಿಗೆ ತೂಕವಿದೆ. ಇವತ್ತಿನ ಎಷ್ಟೋ ದುಬಾರಿ ಚಿತ್ರಗಳ ನಗರಗಳನ್ನು ನೋಡುವಾಗ ಸಿಗದ ತೂಕ ಅದು. ಆ ನೋಟದ ಬೇರು ಸ್ಕಾಟ್‌ನ ಬಾಲ್ಯದಲ್ಲಿದೆ. ಇಂಗ್ಲೆಂಡಿನ ಈಶಾನ್ಯದ ಟೀಸೈಡ್‌ನಲ್ಲಿ ಬೆಳೆದ ಹುಡುಗ ಅವನು. ಉಕ್ಕು ಮತ್ತು ರಾಸಾಯನಿಕ ಕಾರ್ಖಾನೆಗಳು ರಾತ್ರಿ ಕಾರುತ್ತಿದ್ದ ಬೆಂಕಿಯನ್ನು ನೋಡುತ್ತ, ಮಳೆಯಲ್ಲಿ ಕಲಾಶಾಲೆಗೆ ಓಡಾಡಿದವನು. ಸಿನಿಮಾಕ್ಕೆ ಮುಂಚೆ, 1980ರಲ್ಲಿ, ಅವನ ಅಣ್ಣ ಫ್ರಾಂಕ್ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಆಯುಸ್ಸು ಮುಗಿಯುತ್ತಿರುವವರ ಕಥೆಯೊಳಗೆ ಇಷ್ಟು ನಿಜವಾದ ದುಃಖ ಎಲ್ಲಿಂದ ಬಂತು ಎಂದು ಕೇಳುವವರು ಈ ಸಾವನ್ನು ಮರೆಯಬಾರದು.

ಈಗ ಕಂಪನಿಯ ಒಡೆಯ ಟೈರೆಲ್‌ನ ಕಚೇರಿ. ಊರಿನ ಹೊಗೆಯ ಮೇಲೆ ತಲೆಯೆತ್ತಿದ ಪಿರಮಿಡ್ಡಿನ ತುದಿ. ಇಡೀ ಸಿನಿಮಾದಲ್ಲಿ ಸೂರ್ಯ ಕಾಣುವುದು ಇಲ್ಲಿ, ಹಣವಿದ್ದವನ ಕಿಟಕಿಯಲ್ಲಿ. ಉದ್ದನೆಯ ಹೊಳೆವ ನೆಲದ ಮೇಲೆ ಹಿಮ್ಮಡಿ ಸಪ್ಪಳ ಮಾಡುತ್ತ ರೇಚಲ್ ನಡೆದುಬರುತ್ತಾಳೆ. ಸುತ್ತಿಕಟ್ಟಿದ ಕೂದಲು, ಅಗಲ ಭುಜದ ಕಪ್ಪು ಉಡುಪು. 1940ರ ದಶಕದ ಜೋನ್ ಕ್ರಾಫರ್ಡ್ ಚಿತ್ರವೊಂದರಿಂದ ಎದ್ದುಬಂದವಳಂತಿದ್ದಾಳೆ. ಕೋಣೆಯಲ್ಲೊಂದು ಗೂಬೆ. ಅದು ಕೃತಕವೇ ಎಂದು ಡೆಕರ್ಡ್ ಕೇಳಿದರೆ, ಅದರಲ್ಲೇನು ವಿಶೇಷ ಎಂಬಂತೆ ಹೌದೆನ್ನುತ್ತಾಳೆ. ಗೂಬೆ ತಲೆ ಹೊರಳಿಸಿದಾಗ ಅದರ ಕಣ್ಣಿನಾಳದಲ್ಲಿ ಕೆಂಡದಂಥ ಕೆಂಪು. ಸ್ವಲ್ಪ ಹೊತ್ತಿನಲ್ಲಿ ರೇಚಲ್ ಕಣ್ಣಲ್ಲೂ ಅದೇ ಕೆಂಪು. ಕ್ಯಾಮೆರಾದ ಮುಂದೆ ಅರೆಗನ್ನಡಿಯನ್ನು ಓರೆಯಾಗಿಟ್ಟು, ಪಕ್ಕದಿಂದ ಮಂದ ಬೆಳಕನ್ನು ನೇರ ಪಾಪೆಯೊಳಗೆ ಹಾಯಿಸಿ ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್‌ವೆತ್ ಇದನ್ನು ಸಾಧಿಸಿದ. ಪಾರ್ಕಿನ್ಸನ್ ಕಾಯಿಲೆ ಅವನ ಮೈಯನ್ನು ಹಿಡಿಯುತ್ತಿದ್ದ ದಿನಗಳವು. ಮಳೆಯ ನಡುವೆ ಕಂಬಕಂಬವಾಗಿ ನಿಂತ ಆ ಬೆಳಕಿಗೆ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿ ಬಂತು, ಸಿಗಬೇಕಾದದ್ದೇ ಸಿಕ್ಕಿತು.

ರೆಪ್ಲಿಕಂಟ್‌ಗಳನ್ನು ಪತ್ತೆಹಚ್ಚಲು ವೋಯ್ಟ್-ಕಾಂಫ್ ಎಂಬ ಪರೀಕ್ಷೆಯಿದೆ. ಮೇಜಿನ ಮೇಲೆ ಉಸಿರಾಡುವ ತಿದಿಯ ಯಂತ್ರವೊಂದನ್ನಿಟ್ಟು, ಕಣ್ಣಿನ ಪಾಪೆಗೆ ಮಸೂರ ಹಿಡಿದು, ನೋವು ಮತ್ತು ಕ್ರೌರ್ಯದ ಪ್ರಶ್ನೆಗಳನ್ನು ಕೇಳುವುದು. ಮರಳುಗಾಡಿನಲ್ಲಿ ಅಂಗಾತ ಬಿದ್ದು ಒದ್ದಾಡುವ ಆಮೆಗೆ ನೀನೇಕೆ ನೆರವಾಗುತ್ತಿಲ್ಲ? ಮರುಕ ಹುಟ್ಟಿದರೆ ಪಾಪೆ ಅದನ್ನು ಹೇಳುತ್ತದೆಯಂತೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಪ್ರಶ್ನೆಗೆ ತೀರ್ಮಾನವಾಗುವುದು ರೇಚಲ್‌ಗೆ ನೂರು ದಾಟುತ್ತದೆ. ತಾನು ರೆಪ್ಲಿಕಂಟ್ ಎಂಬುದು ಅವಳಿಗೇ ಗೊತ್ತಿಲ್ಲ.

ಆ ರಾತ್ರಿ ಅವಳು ಡೆಕರ್ಡ್‌ನ ಮನೆಗೆ ಬರುತ್ತಾಳೆ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸದಲ್ಲಿ 1924ರಲ್ಲಿ ಎದ್ದ ಎನ್ನಿಸ್ ಮನೆಯ ಚಿತ್ತಾರದ ಕಾಂಕ್ರೀಟ್ ಇಟ್ಟಿಗೆಗಳ ಅಚ್ಚು ತೆಗೆದು ಮಾಡಿದ ಒಳಾಂಗಣ. ಗವಿಯಂತೆ ಇಕ್ಕಟ್ಟು. ಅವಳ ಕೈಯಲ್ಲೊಂದು ಫೋಟೊ: ಅಮ್ಮನ ಜೊತೆ ಪುಟ್ಟ ಹುಡುಗಿ. ನಾನು ಮನುಷ್ಯಳೆಂಬುದಕ್ಕೆ ಸಾಕ್ಷಿ ಇದು ಎಂದು ಅವಳು ನೀಡುತ್ತಾಳೆ. ಡೆಕರ್ಡ್ ಅವಳ ಬಾಲ್ಯದ ನೆನಪೊಂದನ್ನು ಅವಳಿಗೇ ಹೇಳತೊಡಗುತ್ತಾನೆ. ಕಿಟಕಿಯಾಚೆ ಬಲೆ ಕಟ್ಟಿದ್ದ ಜೇಡ, ಅದರ ಮೊಟ್ಟೆ, ಮೊಟ್ಟೆಯೊಡೆದು ಬಂದ ನೂರು ಮರಿಗಳು ತಾಯಿಯನ್ನೇ ತಿಂದದ್ದು. ಯಾರಿಗೂ ಹೇಳದ ನೆನಪು. ಈ ನೆನಪುಗಳು ನಿನ್ನವಲ್ಲ, ಟೈರೆಲ್‌ನ ಸೋದರ ಸೊಸೆಯವು, ನಿನ್ನ ತಲೆಗೆ ತುಂಬಿದ್ದಾರೆ ಅನ್ನುತ್ತಾನೆ. ಅವಳ ಕಣ್ಣು ತುಂಬಿ ಬರುತ್ತದೆ. ಫೋಟೊ ಬಿಟ್ಟು ಹೊರಟುಹೋಗುತ್ತಾಳೆ. ಡೆಕರ್ಡ್ ಅದನ್ನೆತ್ತಿ ನೋಡುತ್ತಾನೆ. ಅರೆಕ್ಷಣ ಮಾತ್ರ, ಆ ನಿಶ್ಚಲ ಚಿತ್ರದೊಳಗೆ ಎಲೆಗಳ ನೆರಳು ಅಲುಗಾಡುತ್ತದೆ. ಗಮನವಿಟ್ಟು ನೋಡದಿದ್ದರೆ ತಪ್ಪಿಹೋಗುವ ಆ ಅಲುಗಾಟವನ್ನು ನಾನು ಇಡೀ ಸಿನಿಮಾದ ಅತ್ಯಂತ ಧೈರ್ಯದ ಕ್ಷಣವೆಂದು ತಿಳಿದಿದ್ದೇನೆ. ನೆನಪು ಕದ್ದದ್ದಾದರೂ ಅದರೊಳಗಿನ ಮಧ್ಯಾಹ್ನ ಅವಳಿಗೆ ನಿಜ ಎಂದು ಸಿನಿಮಾ ಒಂದೂ ಮಾತಿಲ್ಲದೆ ಒಪ್ಪಿಕೊಂಡುಬಿಡುತ್ತದೆ.

ಫೋಟೊಗಳು ಎಲ್ಲೆಲ್ಲೂ ಇವೆ. ಡೆಕರ್ಡ್‌ನ ಪಿಯಾನೊ ಮೇಲೆ ಯಾರು ಯಾರದೋ ಕಾಲದ ಹಳೆಯ ಚಿತ್ರಗಳು ತುಂಬಿವೆ. ಲಿಯಾನ್ ಮುದ್ದೆಮೈಯ ಕೂಲಿಯಾಳು, ಬುದ್ಧಿ ಮಂದ ಎಂದು ಕಂಪನಿಯವರು ಬರೆದಿಟ್ಟಿರುವವನು. ಪೊಲೀಸರು ಹೊಂಚಿರಬಹುದೆಂದು ತಿಳಿದೂ ತನ್ನ ಫೋಟೊಗಳಿಗಾಗಿ ಹೋಟೆಲಿನ ಕೋಣೆಗೆ ಮರಳಿ ಹೋಗುತ್ತಾನೆ. ನಾಲ್ಕು ವರ್ಷದ ಬಾಳಿನಲ್ಲಿ ಅವನು ಕೂಡಿಟ್ಟದ್ದು ಅಷ್ಟೇ. ಅವು ಆಗಲೇ ಡೆಕರ್ಡ್‌ನ ಕೈ ಸೇರಿವೆ. ಆ ಫೋಟೊವೊಂದನ್ನು ಯಂತ್ರಕ್ಕೆ ತೂರಿಸಿ, ಬಲಕ್ಕೆ, ಹಿಂದಕ್ಕೆ, ಹತ್ತಿರಕ್ಕೆ ಎಂದು ಬಾಯಲ್ಲಿ ಹೇಳುತ್ತ ಅವನು ಚಿತ್ರದೊಳಗೇ ನಡೆದುಹೋಗುವ ದೃಶ್ಯವಿದೆ. ಗೋಡೆಯ ಉಬ್ಬುಗನ್ನಡಿಯೊಳಗೆ ಇಣುಕಿ, ಮೂಲೆಯಾಚೆ ಮಲಗಿದ ಹೆಣ್ಣೊಬ್ಬಳನ್ನು ಪತ್ತೆ ಮಾಡುತ್ತಾನೆ. ಲಿಯಾನ್‌ಗೆ ಪ್ರೀತಿಯ ನೆನಪಾಗಿದ್ದದ್ದು ಪೊಲೀಸನಿಗೆ ಸುಳಿವಾಗುತ್ತದೆ. ಕನ್ನಡಿಯಲ್ಲಿ ಕಂಡವಳು ಜೋರಾ.

ಜೋರಾ ಹಾವು ಹಿಡಿದು ಕುಣಿಯುವ ಹೆಣ್ಣು. ಆ ಹಾವು ನಟಿ ಜೊವಾನಾ ಕ್ಯಾಸಿಡಿ ಮನೆಯಲ್ಲೇ ಸಾಕಿದ್ದು. ಬೇಟೆಗಾರ ಬಂದನೆಂದು ಗೊತ್ತಾದೊಡನೆ ಪಾರದರ್ಶಕ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಬೀದಿಗೆ ಓಡುತ್ತಾಳೆ. ಜನಸಂದಣಿ, ಬಸ್ಸು, ನಿಯಾನ್, ಮಳೆ. ಬೆನ್ನಿಗೆ ಗುಂಡು. ಅಂಗಡಿಯ ಗಾಜು ಒಡೆದುಕೊಂಡು, ಬಟ್ಟೆ ತೊಟ್ಟ ಬೊಂಬೆಗಳ ನಡುವೆ, ಮತ್ತೊಂದು ಗಾಜು, ಮಗದೊಂದು ಗಾಜು. ವ್ಯಾಂಜೆಲಿಸ್‌ನ ಸಂಗೀತ ಆ ಹೊತ್ತಿನಲ್ಲಿ ಓಟದ ವೇಗವನ್ನು ಬಿಟ್ಟು ಶೋಕಕ್ಕೆ ಇಳಿಯುತ್ತದೆ. ಲಂಡನ್ನಿನ ತನ್ನ ಸ್ಟುಡಿಯೊದಲ್ಲಿ ದೃಶ್ಯಗಳನ್ನು ನೋಡುತ್ತ ಯಮಾಹಾ ಸಿಂಥಸೈಜರಿನ ಮೇಲೆ ಬೆರಳಾಡಿಸಿ ಅವನು ನುಡಿಸಿದ ಸಂಗೀತ ಇದು. ಬೇರೆ ಯಾವ ಚಿತ್ರವಾದರೂ ಇಲ್ಲಿ ನಾಯಕನ ಗುರಿಗೆ ಚಪ್ಪಾಳೆ ಬೇಡುತ್ತಿತ್ತು. ಇಲ್ಲಿ ಕೃತಕ ಹಿಮ ಉದುರುವ ಷೋಕೇಸಿನಲ್ಲಿ ಹೆಣ್ಣೊಬ್ಬಳು ಬಿದ್ದಿದ್ದಾಳೆ. ಬೆನ್ನಿಗೆ ಗುಂಡು ಹೊಡೆದವನು ಮುಖ ಕಿವಿಚಿಕೊಂಡು ನಿಂತಿದ್ದಾನೆ. ಹೋಗಿ ಮದ್ಯದ ಸೀಸೆ ಕೊಳ್ಳುತ್ತಾನೆ.

ಆದರೆ ಮುಂದೆ ಬರುವ ಒಂದು ದೃಶ್ಯವನ್ನು ನಾನು ಮನ್ನಿಸಲಾರೆ. ರೇಚಲ್ ಡೆಕರ್ಡ್‌ನ ಮನೆಯಿಂದ ಹೊರಡಲು ಏಳುತ್ತಾಳೆ. ಅವನು ಬಾಗಿಲು ಅಡ್ಡಗಟ್ಟಿ, ಅವಳನ್ನು ಕಿಟಕಿಗೆ ತಳ್ಳಿ, ತನಗೆ ಬೇಕಾದ ಮಾತುಗಳನ್ನು ಅವಳ ಬಾಯಲ್ಲಿ ಹೇಳಿಸುತ್ತಾನೆ. ಕಿಟಕಿಯ ಪಟ್ಟಿಗಳ ನೆರಳು ಗೋಡೆಯ ಮೇಲೆ ಸೊಗಸಾಗಿ ಬಿದ್ದಿದೆ, ಸ್ಯಾಕ್ಸೋಫೋನ್ ಅದನ್ನು ಪ್ರೇಮವೆಂದು ಕರೆಯುತ್ತದೆ. ಅದು ಬಲವಂತ. ತನ್ನ ಆಸೆಯೂ ತನ್ನದೋ ತುಂಬಿಸಿದ್ದೋ ಎಂದು ತಿಳಿಯದೆ ಕಂಗೆಟ್ಟು ನಿಂತ ಹೆಣ್ಣಿನ ಮೇಲೆ ನಡೆಯುವ ಬಲವಂತ. ವಸ್ತುವೆಂದು ಬಳಸಲ್ಪಟ್ಟವರ ನೋವನ್ನು ಇಷ್ಟು ಬಲ್ಲ ಸಿನಿಮಾ ಈ ಕೆಲವು ನಿಮಿಷ ಅದನ್ನು ಮರೆತುಬಿಟ್ಟಿದೆ. ಬೀದಿಯ ತುಂಬ ಏಷ್ಯಾದ ಮುಖಗಳನ್ನು ಹಿನ್ನೆಲೆಯಾಗಿ ಜೋಡಿಸಿ, ಕಥೆಯಲ್ಲಿ ಅವರಿಗೆ ಎರಡು ಮಾತಿಗಿಂತ ಹೆಚ್ಚು ಜಾಗ ಕೊಡದಿರುವುದೂ ಹಾಗೆಯೇ. ಜಪಾನಿನ ಹಣ ಊರನ್ನು ನುಂಗುತ್ತದೆಂಬ 1980ರ ದಶಕದ ಅಮೆರಿಕದ ಅಂಜಿಕೆ ಅದರಲ್ಲಿದೆ.

ಆ ಏಷ್ಯಾದ ಮುಖಗಳ ನಡುವೆ ಒಬ್ಬನಿಗೆ ಮಾತ್ರ ಪೂರ್ತಿ ದೃಶ್ಯ ಸಿಕ್ಕಿದೆ. ಕಣ್ಣು ತಯಾರಿಸುವ ಮುದುಕ ಚೂ. ಜೇಮ್ಸ್ ಹಾಂಗ್ ಆ ಪಾತ್ರ ಮಾಡಿದ್ದಾನೆ. ನಿಜವಾದ ಶೀತಲಗೃಹದಲ್ಲಿ ಚಿತ್ರೀಕರಿಸಿದ್ದರಿಂದ ಬಾಯಿಂದ ಬರುವ ಹಬೆಯೂ ನಿಜ. ತುಪ್ಪಳದ ಕೋಟಿನಲ್ಲಿ ಹುದುಗಿ ಗಾಜಿನ ಜಾಡಿಯ ಮುಂದೆ ಬಗ್ಗಿದ್ದಾನೆ ಮುದುಕ. ರಾಯ್ ಮತ್ತು ಲಿಯಾನ್ ಒಳಬರುತ್ತಾರೆ. ನಮ್ಮ ಆಯುಸ್ಸೆಷ್ಟು, ಯಾರನ್ನು ಕೇಳಬೇಕು? ತನಗೆ ಗೊತ್ತಿರುವುದು ಕಣ್ಣಷ್ಟೇ ಎಂದು ಅವನು ನಡುಗುತ್ತಾನೆ. ನೀನು ಕೊಟ್ಟ ಈ ಕಣ್ಣಿನಿಂದ ನಾನು ಏನೇನು ಕಂಡೆನೆಂದು ನಿನಗೆ ಕಾಣುವಂತಿದ್ದರೆ ಎಂದು ರಾಯ್ ಅವನಿಗೆ ಹೇಳುವುದರಲ್ಲಿ ಬೆದರಿಕೆಯಿದೆ, ಹೆಮ್ಮೆಯಿದೆ. ಹೇಳಿಕೊಳ್ಳಲು ಯಾರೂ ಇಲ್ಲದವನ ಸಂಕಟವೂ ಇದೆ.

ರಾಯ್‌ಗೆ ದಾರಿ ತೋರುವವನು ಸೆಬಾಸ್ಟಿಯನ್. ವಯಸ್ಸು ಇಪ್ಪತ್ತೈದು, ಮೈ ಮುದುಕನದು, ಬೇಗ ಮುಪ್ಪಾಗುವ ರೋಗ. ಆ ಕಾರಣಕ್ಕೇ ಅವನನ್ನು ಭೂಮಿಯಲ್ಲಿ ಬಿಟ್ಟುಹೋಗಿದ್ದಾರೆ. ಪಾಳು ಕಟ್ಟಡದಲ್ಲಿ ತಾನೇ ಮಾಡಿದ ನಡೆದಾಡುವ ಬೊಂಬೆಗಳೊಂದಿಗೆ ಒಂಟಿ ಬದುಕು. ಆ ಕಟ್ಟಡ ಲಾಸ್ ಏಂಜಲೀಸಿನ ಬ್ರಾಡ್‌ವೇ ರಸ್ತೆಯಲ್ಲಿ ಈಗಲೂ ಇದೆ. 1893ರಲ್ಲಿ ಕಟ್ಟಿದ ಬ್ರಾಡ್‌ಬರಿ ಬಿಲ್ಡಿಂಗ್: ಗಾಜಿನ ಮಾಡು, ಕಬ್ಬಿಣದ ಬಳ್ಳಿಗಳ ಕಟಾಂಜನ, ಪಂಜರದಂಥ ಲಿಫ್ಟು. 1950ರ ನ್ವಾರ್ ಚಿತ್ರ ‘ಡಿ.ಒ.ಎ.’ಯಲ್ಲೂ ಇದೇ ಮೆಟ್ಟಿಲುಗಳಿವೆ. ಹಗಲು ಕಚೇರಿಗಳು ನಡೆಯುತ್ತಿದ್ದ ಆ ಚೊಕ್ಕ ಕಟ್ಟಡಕ್ಕೆ ಸ್ಕಾಟ್‌ನ ತಂಡ ರಾತ್ರಿ ಕಸ ಸುರಿದು, ನೀರು ಹನಿಸಿ, ಗಾಜಿನ ಮಾಡಿನಿಂದ ಓಲಾಡುವ ಬೆಳಕು ಇಳಿಸಿ, ಬೆಳಗಾಗುವುದರೊಳಗೆ ಗುಡಿಸಿ ಕೊಡುತ್ತಿತ್ತು.

ಸೆಬಾಸ್ಟಿಯನ್ ಟೈರೆಲ್ ಜೊತೆ ದೂರದಿಂದಲೇ ಚದುರಂಗ ಆಡುತ್ತಾನೆ. ರಾಯ್ ಹೇಳಿಕೊಡುವ ಕೊನೆಯ ನಡೆಗಳು 1851ರಲ್ಲಿ ಲಂಡನ್ನಿನಲ್ಲಿ ಆಂಡರ್ಸನ್ ಆಡಿ ಗೆದ್ದ, ‘ಅಮರ ಆಟ’ವೆಂದು ಹೆಸರಾದ ಪಂದ್ಯದವು. ಆ ಗೆಲುವಿನ ನೆಪದಲ್ಲಿ ಅವನು ತನ್ನನ್ನು ಮಾಡಿದವನ ಮಲಗುವ ಕೋಣೆಗೆ ನಡೆದುಬಿಡುತ್ತಾನೆ. ಮೇಣದ ಬತ್ತಿಗಳ ಬೆಳಕು. ಇನ್ನಷ್ಟು ಆಯುಸ್ಸು ಕೊಡು ಎಂದು ಮಗನಂತೆ ಕೇಳುತ್ತಾನೆ. ಟೈರೆಲ್ ಪಾಠ ಹೇಳುವ ದನಿಯಲ್ಲಿ, ಅದು ಏಕೆ ಸಾಧ್ಯವಿಲ್ಲವೆಂದು ಜೀವಕೋಶಗಳ ಲೆಕ್ಕ ಕೊಡುತ್ತಾನೆ. ಇಮ್ಮಡಿ ಪ್ರಖರವಾಗಿ ಉರಿವ ದೀಪ ಅರ್ಧ ಕಾಲ ಮಾತ್ರ ಉರಿಯುತ್ತದೆ ಎಂದು ಸಮಾಧಾನಿಸುತ್ತಾನೆ. ರಾಯ್ ಅವನ ತುಟಿಗೆ ಮುತ್ತಿಟ್ಟು, ಎರಡೂ ಹೆಬ್ಬೆರಳಿನಿಂದ ಕಣ್ಣು ಒತ್ತಿ ಕೊಲ್ಲುತ್ತಾನೆ. ಲಿಫ್ಟಿನಲ್ಲಿ ಕೆಳಗಿಳಿಯುವಾಗ ಅವನಿಗೆ ಒಂದು ಕ್ಷಣ ನಕ್ಷತ್ರಗಳು ಕಾಣುತ್ತವೆ.

ಇಲ್ಲಿ ಮೂಲ ಕಾದಂಬರಿಯನ್ನು ನೆನೆಯಬೇಕು. ಫಿಲಿಪ್ ಕೆ. ಡಿಕ್ 1968ರಲ್ಲಿ ಪ್ರಕಟಿಸಿದ ‘ಡು ಆಂಡ್ರಾಯ್ಡ್ಸ್ ಡ್ರೀಮ್ ಆಫ್ ಎಲೆಕ್ಟ್ರಿಕ್ ಶೀಪ್?’. ಅಲ್ಲಿ ಊರು ಸ್ಯಾನ್ ಫ್ರಾನ್ಸಿಸ್ಕೊ. ಡೆಕರ್ಡ್‌ಗೆ ಹೆಂಡತಿಯಿದ್ದಾಳೆ, ಮಹಡಿಯ ಮೇಲೆ ಒಂದು ವಿದ್ಯುತ್ ಕುರಿಯಿದೆ. ನಾಜಿಗಳ ಬಗ್ಗೆ ಓದುತ್ತಿದ್ದಾಗ, ಹಸಿದ ಮಕ್ಕಳ ಅಳುವಿನಿಂದ ನಿದ್ದೆ ಬರುತ್ತಿಲ್ಲ ಎಂದು ಗೊಣಗಿದ ಅಧಿಕಾರಿಯೊಬ್ಬನ ದಿನಚರಿ ಡಿಕ್ ಕಣ್ಣಿಗೆ ಬಿದ್ದಿತ್ತು. ಮನುಷ್ಯನ ಆಕಾರವಿದ್ದೂ ಮರುಕವಿಲ್ಲದ ಜೀವವೆಂಬ ಕಲ್ಪನೆ ಅವನಲ್ಲಿ ಹುಟ್ಟಿದ್ದು ಹಾಗೆ. ಅವನ ಆಂಡ್ರಾಯ್ಡ್‌ಗಳು ತಣ್ಣಗೆ, ಕುತೂಹಲಕ್ಕೆ, ಜೇಡದ ಕಾಲು ಕತ್ತರಿಸಿ ನೋಡುತ್ತವೆ. ಸಿನಿಮಾ ತಕ್ಕಡಿಯನ್ನು ತಿರುಗಿಸಿತು. ಇಲ್ಲಿ ಒಬ್ಬರಿಗಾಗಿ ಒಬ್ಬರು ಅಳುವವರು ರೆಪ್ಲಿಕಂಟ್‌ಗಳು, ಮರುಕ ಸತ್ತವರು ಅವರನ್ನು ಮಾಡಿದವರು. ಪರದೆಗಾಗಿ ಕಥೆ ಬರೆದ ಹ್ಯಾಂಪ್ಟನ್ ಫ್ಯಾಂಚರ್ ಮತ್ತು ಡೇವಿಡ್ ಪೀಪಲ್ಸ್ ಕಾದಂಬರಿಯಿಂದ ದೂರ ಹೋದರೆಂದು ಆಕ್ಷೇಪಿಸುವವರಿದ್ದಾರೆ. ಡಿಕ್ ಕೇಳಿದ ಪ್ರಶ್ನೆ ಮಾತ್ರ ಉಳಿದಿದೆ, ಬೊಟ್ಟು ಬೇರೆಯವರತ್ತ ಹೊರಳಿದೆ. ವಿಶೇಷ ದೃಶ್ಯಗಳ ಒಂದಿಷ್ಟು ಭಾಗ ನೋಡಿ ಡಿಕ್ ಬೆರಗಾಗಿದ್ದ. ಪೂರ್ತಿ ಸಿನಿಮಾ ನೋಡಲು ಉಳಿಯಲಿಲ್ಲ. 1982ರ ಮಾರ್ಚ್ 2ರಂದು, 53ನೇ ವಯಸ್ಸಿನಲ್ಲಿ ತೀರಿಕೊಂಡ.

ಕೊನೆಯ ಬೇಟೆ. ಪ್ರಿಸ್ ಸತ್ತಿದ್ದಾಳೆ. ರಾಯ್ ಅವಳ ರಕ್ತವನ್ನು ಬಾಯಿಗೆ ಹಚ್ಚಿಕೊಂಡು ತೋಳದಂತೆ ಊಳಿಡುತ್ತಾನೆ. ಗೋಡೆಯೊಳಗಿಂದ ಕೈ ತೂರಿಸಿ ಡೆಕರ್ಡ್‌ನ ಬೆರಳು ಮುರಿಯುತ್ತಾನೆ. ಇದು ಜೋರಾಳಿಗೆ, ಇದು ಪ್ರಿಸ್‌ಗೆ. ಅವನ ಅಂಗೈ ಮರಗಟ್ಟುತ್ತಿದೆ, ಸಾವು ಹತ್ತಿದೆ. ಹಲಗೆಯಿಂದ ಮೊಳೆ ಕಿತ್ತು ಅಂಗೈಗೇ ಚುಚ್ಚಿಕೊಂಡು ಇನ್ನೊಂದಿಷ್ಟು ನಿಮಿಷ ಜೀವ ಹಿಡಿದಿಡುತ್ತಾನೆ. ಮಳೆಯಲ್ಲಿ ತೊಯ್ದ ಮಾಳಿಗೆಯಿಂದ ಮಾಳಿಗೆಗೆ ಓಟ. ಡೆಕರ್ಡ್ ಹಾರಿ, ತಲುಪದೆ, ಕಬ್ಬಿಣದ ತೊಲೆಗೆ ನೇತಾಡುತ್ತಾನೆ. ಒಂದು ಬಿಳಿ ಪಾರಿವಾಳ ಹಿಡಿದು ರಾಯ್ ಲೀಲಾಜಾಲವಾಗಿ ಹಾರಿ ಬರುತ್ತಾನೆ, ನೋಡುತ್ತ ನಿಲ್ಲುತ್ತಾನೆ. ಭಯದಲ್ಲಿ ಬದುಕುವುದು ಹೇಗಿರುತ್ತದೆ ಗೊತ್ತಾಯಿತೇ, ಗುಲಾಮಗಿರಿಯೆಂದರೆ ಇದೇ ಎನ್ನುತ್ತಾನೆ. ಡೆಕರ್ಡ್‌ನ ಹಿಡಿತ ಜಾರುತ್ತದೆ. ಆಗ ಮೊಳೆ ನಾಟಿದ ಆ ಕೈ ಅವನ ಮಣಿಕಟ್ಟು ಹಿಡಿದು ಮೇಲೆತ್ತುತ್ತದೆ.

ಮುಂದಿನ ಮಾತುಗಳು ಪ್ರಸಿದ್ಧ. ಚಿತ್ರಕಥೆಯಲ್ಲಿ ಉದ್ದಕ್ಕಿದ್ದ ಭಾಷಣವನ್ನು ರಾಯ್ ಪಾತ್ರದ ಡಚ್ ನಟ ರುಟ್ಗರ್ ಹೌವರ್ ಹಿಂದಿನ ರಾತ್ರಿ ಕತ್ತರಿಸಿ ಗಿಡ್ಡ ಮಾಡಿದ. ಮಳೆಯಲ್ಲಿ ಕಣ್ಣೀರು ಕಳೆದುಹೋಗುವ ಮಾತನ್ನು ತಾನೇ ಸೇರಿಸಿದ. ನಕ್ಷತ್ರಗಳ ಬಳಿ ಉರಿದ ಹಡಗುಗಳು, ಕತ್ತಲಲ್ಲಿ ಮಿನುಗಿದ ಕಿರಣಗಳು. ಕಂಡದ್ದನ್ನೆಲ್ಲ ಒಂದಷ್ಟು ಉಸಿರಿನಲ್ಲಿ ಶತ್ರುವಿನ ಮುಂದೆ ಇಟ್ಟು, ಇವೆಲ್ಲ ಇನ್ನು ಇಲ್ಲ ಎಂದು ತಲೆ ತಗ್ಗಿಸುತ್ತಾನೆ. ಕಥೆಯ ಪ್ರಕಾರ ರಾಯ್ ಹುಟ್ಟಿದ್ದು 2016ರ ಜನವರಿ 8, ಸತ್ತದ್ದು 2019. ಹೌವರ್ ತೀರಿಕೊಂಡದ್ದೂ 2019ರಲ್ಲಿ, ಜುಲೈ 19ರಂದು.

ಬಿಡುಗಡೆಯಾದಾಗ ಈ ಸಿನಿಮಾ ಸೋತಿತು. ಎರಡು ವಾರ ಮೊದಲು ಬಂದ ಸ್ಪಿಲ್‌ಬರ್ಗ್‌ನ ‘ಇ.ಟಿ.’ಯ ಬೆಚ್ಚನೆಯ ಅನ್ಯಗ್ರಹದ ಅತಿಥಿಗೆ ಮನಸೋತಿದ್ದ ಜನಕ್ಕೆ ಈ ಕತ್ತಲೆ ಬೇಡವಾಗಿತ್ತು. ಡೆನ್ವರ್ ಮತ್ತು ಡಲ್ಲಾಸ್‌ನ ಪೂರ್ವಪ್ರದರ್ಶನಗಳಲ್ಲಿ ಪ್ರೇಕ್ಷಕರು ತಲೆಬುಡ ತಿಳಿಯಲಿಲ್ಲವೆಂದದ್ದಕ್ಕೆ ಹೆದರಿದ ನಿರ್ಮಾಪಕರು ಡೆಕರ್ಡ್ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್‌ನ ದನಿಯಲ್ಲಿ ಹಿನ್ನೆಲೆ ನಿರೂಪಣೆ ಹಾಕಿಸಿದರು. ಡೆಕರ್ಡ್ ಮತ್ತು ರೇಚಲ್ ಹಸಿರು ಬೆಟ್ಟಗಳ ನಡುವೆ ಕಾರಿನಲ್ಲಿ ಹೋಗುವ ಸುಖಾಂತ್ಯವನ್ನೂ ಅಂಟಿಸಿದರು. ಬೆಟ್ಟಗಳ ಆ ದೃಶ್ಯಗಳು ಕುಬ್ರಿಕ್‌ನ ‘ದಿ ಶೈನಿಂಗ್’ಗೆ ತೆಗೆದು ಉಳಿದಿದ್ದ ಫಿಲ್ಮಿನವು. ಆಮೇಲೆ ವಿಡಿಯೊ ಕ್ಯಾಸೆಟ್ಟುಗಳ ಮೂಲಕ, ತಡರಾತ್ರಿಯ ಪ್ರದರ್ಶನಗಳ ಮೂಲಕ ಚಿತ್ರ ಮೆಲ್ಲಗೆ ತನ್ನವರನ್ನು ಹುಡುಕಿಕೊಂಡಿತು. 1990ರಲ್ಲಿ ಹಳೆಯ ಒರಟು ಪ್ರತಿಯೊಂದು ಲಾಸ್ ಏಂಜಲೀಸಿನಲ್ಲಿ ತೆರೆಗೆ ಬಂದಾಗ, ಬಹುಮಟ್ಟಿಗೆ ನಿರೂಪಣೆಯಿಲ್ಲದ ‘ಬ್ಲೇಡ್ ರನ್ನರ್’ ಎಷ್ಟು ಗಂಭೀರವೆಂದು ನೋಡಿದವರಿಗೆ ತಿಳಿಯಿತು. 1992ರಲ್ಲಿ ನಿರ್ದೇಶಕರ ಆವೃತ್ತಿ ಬಂತು. ನಿರೂಪಣೆ ಹೋಯಿತು, ಸುಖಾಂತ್ಯ ಹೋಯಿತು, ಡೆಕರ್ಡ್‌ನ ಕನಸಿನಲ್ಲಿ ಒಂಟಿಕೊಂಬಿನ ಬಿಳಿ ಕುದುರೆ ಓಡಿಬಂತು. 2007ರಲ್ಲಿ ‘ಫೈನಲ್ ಕಟ್’. ಸ್ಕಾಟ್‌ಗೆ ಪೂರ್ತಿ ಹಿಡಿತವಿದ್ದ ಆವೃತ್ತಿ ಇದೊಂದೇ. ಗಾಜೊಡೆದು ಓಡುವ ಜೋರಾಳಿಗೆ ಬದಲಿ ನಟಿಯ ಮುಖ ಕಾಣುತ್ತಿದ್ದದ್ದನ್ನು ಕ್ಯಾಸಿಡಿಯನ್ನು ಮತ್ತೆ ಕರೆಸಿ ಸರಿಪಡಿಸಿದರು. ಹಿಂದಿನ ಪ್ರತಿಗಳಲ್ಲಿ ಆ ಪಾರಿವಾಳ ಮಳೆಯ ರಾತ್ರಿಯಿಂದ ಇದ್ದಕ್ಕಿದ್ದಂತೆ ನೀಲಿ ಆಕಾಶಕ್ಕೆ ಹಾರುತ್ತಿತ್ತು. ಈಗ ಕತ್ತಲೆಗೇ ಹಾರುತ್ತದೆ.

ಆ ಒಂಟಿಕೊಂಬಿನ ಕುದು‌ರೆಯ ಕನಸು, ಕೊನೆಯಲ್ಲಿ ಗ್ಯಾಫ್ ಕಾಗದದಲ್ಲಿ ಮಡಚಿಟ್ಟುಹೋದ ಅದೇ ಕುದುರೆ, ಇವೆರಡರಿಂದ ಡೆಕರ್ಡ್ ಕೂಡ ರೆಪ್ಲಿಕಂಟೇ ಎಂಬ ವಾದ ಶುರುವಾಯಿತು. ಹೌದೆನ್ನುತ್ತಾನೆ ಸ್ಕಾಟ್. ಆ ಪಾತ್ರ ಮನುಷ್ಯನೇ ಎಂದು ಬಹುಕಾಲ ವಾದಿಸಿದವನು ಫೋರ್ಡ್. ನನಗೆ ಈ ವಾದದಲ್ಲಿ ಆಸಕ್ತಿ ಉಳಿದಿಲ್ಲ. ಡೆಕರ್ಡ್ ಮನುಷ್ಯನೇ ಆಗಿದ್ದರೆ ಸಿನಿಮಾ ಇನ್ನೂ ದೊಡ್ಡದು. ಬೇರೆ ಜಾತಿಯ ಜೀವವೊಂದು ತನ್ನನ್ನು ಕೊಲ್ಲಲು ಬಂದವನನ್ನು ಎತ್ತಿ ಕೂರಿಸಿತು, ಅವನು ಅದರ ಸಾವಿಗೆ ಸಾಕ್ಷಿಯಾದ ಎಂಬುದಕ್ಕಿಂತ ಹೆಚ್ಚಿನ ತಿರುವು ಈ ಕಥೆಗೆ ಬೇಕಿಲ್ಲ.

ನೋಡದವರು 117 ನಿಮಿಷಗಳ ‘ಫೈನಲ್ ಕಟ್’ ಅನ್ನೇ ಹುಡುಕಿ ನೋಡಿ. ರಾತ್ರಿ ನೋಡಿ, ದೀಪ ಆರಿಸಿ, ಸಾಧ್ಯವಾದಷ್ಟು ದೊಡ್ಡ ತೆರೆಯಲ್ಲಿ, ಫೋನನ್ನು ಬೇರೆ ಕೋಣೆಯಲ್ಲಿಟ್ಟು. ಮೊದಲ ಅರ್ಧ ಗಂಟೆ ನಿಧಾನವೆನ್ನಿಸಿದರೆ ಬೀದಿಯ ಜನರನ್ನು ನೋಡುತ್ತ ಕೂರಿ, ಕಥೆ ತಾನಾಗಿ ಹತ್ತಿರ ಬರುತ್ತದೆ. ಈಗಾಗಲೇ ನೋಡಿದವರು ಮತ್ತೊಮ್ಮೆ ನೋಡಿ. ಈ ಸಲ ಡೆಕರ್ಡ್‌ನನ್ನು ಅವನ ಪಾಡಿಗೆ ಬಿಟ್ಟು ಲಿಯಾನ್, ಜೋರಾ, ಪ್ರಿಸ್, ರಾಯ್ ಇವರ ಮುಖಗಳನ್ನೇ ಹಿಂಬಾಲಿಸಿ.